ಗಿಲಾವು ಮಾಡದ ಒಂದು ಗೇಣು

ನಾನು ಮದುವೆಯಾಗಿ ಮರಾಠಿ ಸೀಮೆಯ ಉಮರ್ಗಾ ತಾಲ್ಲೂಕಿನ ಈ ಊರಿಗೆ ಬಂದಾಗ ನಮ್ಮತ್ತೆ ಮನೆಯೊಳಗೆ ಮಲಗುತ್ತಿರಲಿಲ್ಲ. ಅಡುಗೆ ಒಳಗೆ, ಪೂಜೆ ಒಳಗೆ, ಬಂದವರಿಗೆ ಚಹಾ ಒಳಗೆ. ನಿದ್ದೆ ಮಾತ್ರ ಅಂಗಳದ ಪತ್ರಾದ ಕೆಳಗೆ. ತೊಂಬತ್ತಮೂರರ ಭೂಕಂಪವಾದ ಮೇಲೆ ಜನ ತಾತ್ಕಾಲಿಕವಾಗಿ ಇರಲೆಂದು ಕೊಟ್ಟ ತಗಡಿಗೆ ನಮ್ಮಲ್ಲಿ ಪತ್ರಾ ಅನ್ನುತ್ತಾರೆ. ಊರು ಜಾಗ ಬದಲಿಸಿ ಯೆಣೆಗೂರ ಕಡೆಯ ಹೆದ್ದಾರಿಗೆ ಹತ್ತಿರವಾಗಿ, ಎಲ್ಲರಿಗೂ ಸ್ಲ್ಯಾಬಿನ ಮನೆ ಸಿಕ್ಕ ಮೇಲೆ ಮಂದಿ ಆ ತಗಡನ್ನು ದನದ ಕೊಟ್ಟಿಗೆಗೆ ಹೊದಿಸಿದರು. ನಮ್ಮತ್ತೆ ನಾಲ್ಕು ಕಂಬ ನೆಡಿಸಿ, ಅದನ್ನು ಮೇಲೆ ಹಾಕಿಸಿಕೊಂಡು, ಕೆಳಗೆ ತಮ್ಮ ಹೊರಸು ಇಟ್ಟುಕೊಂಡರು.

ಯಾಕೆ ಎಂದು ಯಾರು ಕೇಳಿದರೂ ಅವರದು ಒಂದೇ ಉತ್ತರ.

"ಒಳಗ ಏನ್ ಅದ ಅಂತ ಯಾರ್ ನೋಡ್ಯಾರ?"

ಹೊಸ ಸೊಸೆಯಾದ ನಾನು ಇದನ್ನು ದೆವ್ವದ ಮಾತು ಎಂದುಕೊಂಡು ಒಂದು ವಾರ ಒಬ್ಬಳೇ ಒಳಗಿನ ಕೋಣೆಗೆ ಹೋಗಲಿಲ್ಲ. ಆಮೇಲೆ ನಮ್ಮವರು ಹೇಳಿದರು. ಹಳೆಯ ಊರಿನಲ್ಲಿ ಇವರದು ದೊಡ್ಡ ಕಲ್ಲಿನ ಮನೆ. ಎರಡು ಮೊಳ ದಪ್ಪದ ಗೋಡೆ, ಮೇಲೆ ಮಣ್ಣು ಹೇರಿದ ಮಾಳಿಗೆ. ಬೀಗರು ಬಂದರೆ ಮೊದಲು ಆ ಗೋಡೆಯನ್ನೇ ಹೊಗಳುತ್ತಿದ್ದರಂತೆ. ಗಣಪತಿಯನ್ನು ಕಳಿಸಿ ಬಂದು ಊರು ಮಲಗಿತ್ತು. ಬೆಳಕು ಹರಿಯುವ ಮೊದಲೇ ಗೋಡೆ ಬಿತ್ತು, ಅದರ ಮೇಲೆ ಮಾಳಿಗೆ ಬಿತ್ತು. ಅತ್ತೆಯ ಅತ್ತೆ ಹೋದರು. ಆ ವರ್ಷ ಶಾಲೆಗೆ ಸೇರಿಸಿದ್ದ ಮಗಳು ಹೋದಳು. ಅಗೆದು ತೆಗೆಯುವಾಗ ಅತ್ತೆ ನೋಡಿದ್ದು, ಗೋಡೆಯ ಎರಡೂ ಮುಖಕ್ಕೆ ಮಾತ್ರ ಕೆತ್ತಿದ ಕಲ್ಲು, ನಡುವೆ ಬರೀ ಮಣ್ಣು ಮತ್ತು ಗುಂಡುಕಲ್ಲು. ಅಷ್ಟು ವರ್ಷ ಆ ಗೋಡೆಗೆ ಬೆನ್ನು ಕೊಟ್ಟು ಮಗಳಿಗೆ ಹಾಲು ಕುಡಿಸಿದ್ದರು. ಹೊಸ ಮನೆಯನ್ನು ಕಟ್ಟುವಾಗ ಇವರಾರೂ ಅಲ್ಲಿರಲಿಲ್ಲ. ಬಂದು ನೋಡಿದಾಗ ಗೋಡೆಗೆ ಗಿಲಾವು, ಅಂದರೆ ಮೇಲಿನ ಗಾರೆ, ಆಗಿ, ಸುಣ್ಣ ಹೊಡೆದು, ಮಿರಿಮಿರಿ ಮಿಂಚುತ್ತಿತ್ತು. ಮನೆ ಒಳ್ಳೆಯದೇ ಇತ್ತು. ಆದರೆ ಅತ್ತೆಗೆ ಸಿಮೆಂಟಿನ ಆ ಗಿಲಾವಿನ ಹಿಂದೆ ಏನಿದೆ ಎಂದು ಹೇಳುವವರು ಯಾರು?

ಈಗ ನನ್ನ ಕಥೆ ಸ್ವಲ್ಪ ಹೇಳಬೇಕು. ನನ್ನ ತವರು ಗಡಿಯ ಆಚೆ, ಬೀದರ ಜಿಲ್ಲೆ. ಉದಗೀರದಲ್ಲಿ ಸೋದರಮಾವನ ಮನೆಯಲ್ಲಿದ್ದು ಕಂಪ್ಯೂಟರ್ ಡಿಪ್ಲೊಮಾ ಮಾಡಿದೆ. ಅಲ್ಲಿ ನಮಗೊಬ್ಬ ಮಾಸ್ತರರಿದ್ದರು. ಮರಾಠಿ, ಕನ್ನಡ, ದಖನಿ ಮೂರನ್ನೂ ಒಂದೇ ವಾಕ್ಯದಲ್ಲಿ ಕಲಸಿ ಪಾಠ ಮಾಡುವವರು. ಒಂದು ದಿನ ಬಂದವರೇ ಮೇಜಿನ ಮೇಲೆ ಹುರಿದ ಶೇಂಗಾ ಸುರಿದರು.

"ಹೇ ಬಘಾ, ಇದ ನೋಡ್ರಿ," ಎಂದು ಒಂದನ್ನು ಒಡೆದರು. "ಇದು ಸಿಪ್ಪಿ. ಇಂಗ್ರಜಿ ಒಳಗ ಶೆಲ್. ಇದು ಕಾಳು. ಇಂಗ್ರಜಿ ಒಳಗ ಕರ್ನಲ್. ಕಂಪ್ಯೂಟರಿನಾಗೂ ಇವೇ ಹೆಸರು ಇಟ್ಟಾರ. ಅಂದ ಮ್ಯಾಲ ಅವ್ರೂ ನಮ್ಮಂಗ ಶೇಂಗಾ ತಿನ್ನೋ ಮಂದೀನೆ."

ಕಾರ್ಯಾಚರಣೆ ವ್ಯವಸ್ಥೆ ಎಂದು ಪುಸ್ತಕದಲ್ಲಿ ಬರೆಯುವ, ಆಪರೇಟಿಂಗ್ ಸಿಸ್ಟಮ್ ಎಂದು ಎಲ್ಲರೂ ಕರೆಯುವ ವಸ್ತು ನನ್ನ ತಲೆಗೆ ಹತ್ತಿದ್ದು ಹೀಗೆ. ಯಂತ್ರ ಅಂದರೆ ಬರೀ ಲೋಹ, ತಂತಿ. ಅದರ ನೆನಪಿನ ಜಾಗದಲ್ಲಿ ಯಾವ ಕೆಲಸಕ್ಕೆ ಎಷ್ಟು ಕೊಡಬೇಕು, ಈ ಕ್ಷಣ ಯಾರ ಸರದಿ, ಕೀಲಿಮಣೆಯಿಂದ ಬಂದ ಅಕ್ಷರ ಎಲ್ಲಿಗೆ ಹೋಗಬೇಕು, ಡಿಸ್ಕಿನಲ್ಲಿ ಯಾವುದನ್ನು ಎಲ್ಲಿಡಬೇಕು, ಇವನ್ನೆಲ್ಲ ನೋಡಿಕೊಳ್ಳುವುದು ಒಳಗಿನ ಕಾಳು. ನಾವು ಬರೆದ ಅಪ್ಪಣೆಯನ್ನು ತೆಗೆದುಕೊಂಡು ಅದಕ್ಕೆ ಮುಟ್ಟಿಸುವುದು ಹೊರಗಿನ ಸಿಪ್ಪೆ. ಶೇಂಗಾ ತಿನ್ನುತ್ತಲೇ ಮಾಸ್ತರರು ಇತಿಹಾಸಕ್ಕೂ ಇಳಿದರು.

ಅಮೆರಿಕದ ಒಂದು ಟೆಲಿಫೋನ್ ಕಂಪನಿಯ ಪ್ರಯೋಗಶಾಲೆಯಲ್ಲಿ ಕೆಲವರು ಸೇರಿ ಯುನಿಕ್ಸ್ ಎಂಬ ವ್ಯವಸ್ಥೆ ಬರೆದರು. ಕಾಲೇಜುಗಳು ಕೇಳಿದಾಗ ಅದರ ಮೂಲ ಬರಹವನ್ನೇ ಕೊಟ್ಟರು. ಹುಡುಗರು ಅದನ್ನು ಓದಿದರು, ತಿದ್ದಿದರು, ಹೊಸದನ್ನು ಸೇರಿಸಿದರು. ಕಂಪ್ಯೂಟರಿನ ಪ್ರೋಗ್ರಾಮನ್ನು ಮನುಷ್ಯ ಓದುವ ಹಾಗೆ ಬರೆದದ್ದು ಮೂಲ. ಅದನ್ನು ಯಂತ್ರಕ್ಕೆ ತಿಳಿಯುವಂತೆ ಬರೀ ಸೊನ್ನೆ ಮತ್ತು ಒಂದು ಮಾಡಿಬಿಟ್ಟರೆ ಮನುಷ್ಯನ ಕಣ್ಣಿಗೆ ಅದು ಮುಗಿಯಿತು. ಮುಂದೆ ಇದು ವ್ಯಾಪಾರವಾದಾಗ ಕಂಪನಿಗಳು ಸೊನ್ನೆ-ಒಂದನ್ನು ಮಾತ್ರ ಮಾರಿ, ಮೂಲವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿಕೊಂಡವು. ಒಬ್ಬನಿಗೆ ತನ್ನ ಕಚೇರಿಯ ಪ್ರಿಂಟರಿನ ತಕರಾರು ತಾನೇ ರಿಪೇರಿ ಮಾಡಬೇಕಿತ್ತು. ಅದರ ಮೂಲ ಕೇಳಿದ. ಕೊಡಲಿಲ್ಲ. ಸಿಟ್ಟು ಬಂದು, ಎಲ್ಲರೂ ನೋಡಬಹುದಾದ ಒಂದು ಪೂರ್ತಿ ವ್ಯವಸ್ಥೆಯನ್ನೇ ಕಟ್ಟುತ್ತೇನೆಂದು ಹೊರಟ. ಜೊತೆಗೆ ಮಂದಿ ಸೇರಿದರು. ಬೇಕಾದದ್ದೆಲ್ಲ ಆಗುತ್ತ ಬಂತು, ಕಾಳೊಂದು ಉಳಿದಿತ್ತು. ಆ ಕಾಳನ್ನು ಬರೆದದ್ದು ಫಿನ್ಲೆಂಡಿನ ಒಬ್ಬ ವಿದ್ಯಾರ್ಥಿ, ತನ್ನ ಮನೆಯ ಕಂಪ್ಯೂಟರಿಗಾಗಿ, ಹವ್ಯಾಸಕ್ಕೆ. ಬರೆದು, ನೋಡಿ ಅಂತ ಜಗತ್ತಿನ ಮುಂದೆ ಇಟ್ಟ. ಅದೇ ಲಿನಕ್ಸ್. ನಮ್ಮ ಕಡೆ ನೆಲ ನಡುಗುವುದಕ್ಕೆ ಎರಡು ವರ್ಷ ಮೊದಲು.

ಪ್ರಿಂಟರಿನ ಸಿಟ್ಟಿನ ಮನುಷ್ಯ ಒಂದು ಷರತ್ತು ಬರೆದಿಟ್ಟಿದ್ದ. ಯಾರು ಬೇಕಾದರೂ ಒಯ್ಯಿರಿ, ನೋಡಿರಿ, ತಿದ್ದಿರಿ, ಹಂಚಿರಿ, ಬೇಕಾದರೆ ಮಾರಿರಿ. ಆದರೆ ತಿದ್ದಿ ಇನ್ನೊಬ್ಬರಿಗೆ ಕೊಟ್ಟರೆ, ನೀವು ತಿದ್ದಿದ್ದನ್ನೂ ಹೀಗೆಯೇ ತೆರೆದು ಕೊಡಬೇಕು. ವಿದ್ಯಾರ್ಥಿಯೂ ತನ್ನ ಕಾಳಿಗೆ ಇದೇ ಷರತ್ತು ಹಾಕಿದ. ನಮಗೆ ಮಾತ್ರ ಲಿನಕ್ಸಿನ ಸಿಡಿ ಪುಕ್ಕಟೆ ಸಿಗುತ್ತದೆ ಅನ್ನುವುದೊಂದೇ ಕಿವಿಗೆ ಬಿದ್ದಿತ್ತು. ಮಾಸ್ತರರು ಮೇಜು ಕುಟ್ಟಿ ಹೇಳಿದರು.

"ಫುಕಟ ನಾಹೀ. ಖುಲ್ಲಾ. ಪುಕ್ಕಟ ಅಲ್ಲ, ತೆರದದ್ದು. ಈ ಎರಡು ಶಬ್ದ ಕಲಿಸಿದ್ರ ನನ್ನ ಪಾಠ ಮುಗೀತು."

ಪಾಠ ಮುಗಿದಿರಲಿಲ್ಲ. ಅದರ ಉಳಿದರ್ಧ ನನಗೆ ಅತ್ತೆಯಿಂದ ಆಗಬೇಕಿತ್ತು.

ಮದುವೆಯ ನಂತರ ನಾನು ಉಮರ್ಗಾದ ಒಂದು ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿಸುತ್ತಿದ್ದೆ. ದಿನಾ ಊರವರು ಯಷ್ಟಿ ಅನ್ನುವ ಕೆಂಪು ಸರಕಾರಿ ಬಸ್ಸಿನಲ್ಲಿ ಹೋಗಿಬರುವುದು. ಅಲ್ಲಿ ಒಂದು ಹಳೆಯ ಕಂಪ್ಯೂಟರನ್ನು ನಿಧಾನವಾಯಿತೆಂದು ಮೂಲೆಗೆ ತಳ್ಳಿದ್ದರು. ಕೇಳಿ ತಂದೆ. ಪಡಸಾಲೆಯಲ್ಲಿ ಬಾಗಿಲ ಪಕ್ಕದಲ್ಲಿಟ್ಟೆ. ಮೊದಲಿದ್ದ ವ್ಯವಸ್ಥೆ ಅದಕ್ಕೆ ಭಾರವಾಗಿತ್ತು. ಗುಂಡಿ ಒತ್ತಿ ಅನ್ನ ಬಸಿದು ಬಂದರೂ ಅದಿನ್ನೂ ಕಣ್ಣುಜ್ಜಿಕೊಳ್ಳುತ್ತಿತ್ತು. ಲಿನಕ್ಸಿನಲ್ಲಿ ಹಗುರವಾದ ಬಗೆಗಳೂ ಇವೆ. ಮೂಲ ತೆರೆದಿರುವುದರಿಂದ ಊರಿಗೊಬ್ಬರು ತಮಗೆ ಬೇಕಾದ್ದನ್ನು ಉಳಿಸಿಕೊಂಡು ಬೇಡವಾದದ್ದನ್ನು ಬಿಟ್ಟು ತಮ್ಮದೊಂದು ಬಗೆ ಮಾಡಿಕೊಂಡಿರುತ್ತಾರೆ. ಅಂಥ ಒಂದನ್ನು ಹಾಕಿದೆ. ಯಂತ್ರ ಎದ್ದು ಕೂತಿತು. ಖುಷಿ ತಡೆಯಲಾಗದೆ ಉದಗೀರದ ಮಾಸ್ತರರಿಗೆ ಫೋನು ಮಾಡಿದೆ.

"ಸರ್, ಹಳೇ ಮಿಷನ್ನಿಗೆ ಲಿನಕ್ಸ್ ಹಾಕೀನ್ರಿ. ಇನ್ನ ಏನೂ ಚಿಂತಿ ಇಲ್ಲ."

ಮರುದಿನ ಎದ್ದು ನೋಡುತ್ತೇನೆ, ಕಂಪ್ಯೂಟರಿನ ಡಬ್ಬಿಯ ಮೇಲೆ ಮೂರು ಬೆರಳಿನ ವಿಭೂತಿ, ಒಂದು ಕಣಗಲ ಹೂ. ಅತ್ತೆ ಸ್ನಾನ ಮಾಡಿ, ಒದ್ದೆ ಕೂದಲಲ್ಲಿ, ಕೈಮುಗಿದು ನಿಂತಿದ್ದರು.

"ಅತ್ತಿ, ಇದೇನ್ರೀ?"

"ನೀನೇ ಅಂದಿಯಲ್ಲ, ಲಿಂಗ ಹಾಕೀನಿ ಅಂತ. ಲಿಂಗ ಹಾಕಿದ ಮ್ಯಾಲ ಈಬತ್ತಿ ಬ್ಯಾಡೇನು?"

ನಮ್ಮದು ಕೊರಳಲ್ಲಿ ಲಿಂಗ ಕಟ್ಟಿಕೊಳ್ಳುವ ಮನೆತನ. ಅವರ ಕಿವಿಗೆ ಬೇರೆ ಏನು ಕೇಳಿಸಬೇಕು? ನಗು ಒತ್ತಿಕೊಂಡು ಬಂತು. ವಿಭೂತಿಯ ಪುಡಿ ಫ್ಯಾನಿನ ಕಿಂಡಿಗೆ ಹೋದೀತೆಂಬ ಭಯವೂ ಬಂತು. ಸೆರಗಿನಿಂದ ಮೆಲ್ಲಗೆ ಒರೆಸುತ್ತ ಹೇಳಿದೆ.

"ಲಿಂಗ ಅಲ್ರೀ ಅತ್ತಿ, ಲಿನಕ್ಸ್."

"ಇರಲಿ. ಹೆಸರು ಸೊಟ್ಟಗ ಹೇಳಿದ್ರ ದೇವರು ಮಾರಿ ತಿರುವ್ತಾನೇನು?"

ಆದರೆ ಕೈಮುಗಿಯುವ ನೆಪದಲ್ಲಿ ಅವರು ಅದರ ಮುಂದೆ ಕೂತರು. ಪರದೆಯ ಮೇಲೆ ಕನ್ನಡ ಇತ್ತು. ಯಾರೋ, ಎಲ್ಲೋ, ಸಂಬಳವಿಲ್ಲದೆ, ತಮ್ಮ ಬಿಡುವಿನಲ್ಲಿ ಆ ಗುಂಡಿಗಳ ಹೆಸರನ್ನೆಲ್ಲ ಕನ್ನಡಕ್ಕೆ ತಂದಿದ್ದರು. ನಮ್ಮ ಬಸ್ಸಿನ ಫಲಕ ಮರಾಠಿ, ಶಾಲೆ ಮರಾಠಿ, ಪಂಚಾಯತಿ ಮರಾಠಿ. ನಮ್ಮ ಕನ್ನಡ ಅಡುಗೆಮನೆ ದಾಟಿದ್ದು ಕಡಿಮೆ. ಮರಾಠಿಯ ಮೇಲೆ ನನಗೆ ಮುನಿಸಿಲ್ಲ, ನನ್ನ ಅರ್ಧ ಜಗಳಗಳೆಲ್ಲ ಮರಾಠಿಯಲ್ಲೇ ಆಗುವುದು. ಆದರೂ ಮೊದಲ ಸಲ ಆ ಅಕ್ಷರಗಳನ್ನು ಕಂಡಾಗ ನನ್ನ ಕಣ್ಣು ತುಂಬಿತ್ತು. ಅತ್ತೆ ಗಡಿಯಾಚೆಯ ತವರಿನಲ್ಲಿ ಕಲಿತ ಅಷ್ಟಿಷ್ಟು ಅಕ್ಷರ ಮರೆತಿರಲಿಲ್ಲ. ಬೆರಳಿಟ್ಟು ಕೂಡಿಸಿ ಓದಿದರು.

"ತೆ, ರೆ. ತೆರೆ. ಮು, ಚ್ಚು. ಮುಚ್ಚು." ನನ್ನ ಕಡೆ ತಿರುಗಿದರು. "ತೆರೆ ಅನ್ನೋದು ಮೊದಲ ಬರದಾರ. ಚೊಲೊ ಮಾಡ್ಯಾರ."

ಇದು ಏನು ಮಾಡುತ್ತದೆ, ಮೊದಲಿದ್ದ ಆ ಇನ್ನೊಂದಕ್ಕೂ ಇದಕ್ಕೂ ಏನು ಫರಕು ಎಂದು ಕೇಳಿದರು. ನನಗೂ ಪಾಠ ಮಾಡುವ ಚಟ. ಶೇಂಗಾ, ಟೆಲಿಫೋನ್ ಕಂಪನಿ, ಪ್ರಿಂಟರಿನ ಸಿಟ್ಟು, ಎಲ್ಲವನ್ನೂ ಹೇಳಿದೆ. ಅತ್ತೆ ಆಕಳಿಸುತ್ತಿದ್ದರು. ಕೊನೆಗೆ ಅಂದೆ, "ಇದರ ಒಳಗ ಏನ್ ಬರದಾರ ಅನ್ನೋದು ಯಾರ್ ಬೇಕಾದ್ರೂ ತೆಗದು ನೋಡಬಹುದ್ರೀ."

ಆಕಳಿಕೆ ಅಲ್ಲೇ ನಿಂತಿತು.

"ಯಾರ್ ಬೇಕಾದ್ರೂ?"

"ಹೂಂ ರೀ."

"ನೀ ನೋಡೀಯೇನು?"

"ಅಷ್ಟೂ ನೋಡಿಲ್ರೀ. ಲಕ್ಷಗಟ್ಟಲೆ ಸಾಲು ಅದಾವ. ತಿಳಿಯೋ ಮಂದಿ ನೋಡ್ಯಾರ. ತಪ್ಪಿದ್ರ ತಿದ್ಯಾರ."

"ಅಂದ್ರ, ನೀ ನೋಡದಿದ್ರೂ ನೋಡಲಿಕ್ಕ ಬರ್ತದ."

"ಬರ್ತದ್ರೀ."

ಅತ್ತೆ ಎದ್ದು ನಿಂತರು. ಪಡಸಾಲೆಯ ಬಿಳಿ ಗೋಡೆಯ ಮೇಲೆ ಅಂಗೈ ಇಟ್ಟರು, ಕೂಡಲೇ ತೆಗೆದರು.

"ಗ್ವಾಡಿ ಹಂಗ ಯಾಕ ಕಟ್ಟಲ್ಲ ತಂಗಿ?"

ಉತ್ತರಕ್ಕೆ ಕಾಯದೆ ಅಂಗಳಕ್ಕೆ ಹೋದರು. ನಾನೂ ಆ ಮಾತನ್ನು ಅಲ್ಲಿಗೇ ಮರೆತೆ.

ಆ ವರ್ಷದ ಮಳೆ ಬಿಡದೆ ಹಿಡಿಯಿತು. ಪತ್ರಾದ ಕೆಳಗೆ ಮೂರೂ ಕಡೆಯಿಂದ ಎರಚಲು. ಅತ್ತೆಗೆ ಮೊದಲೇ ದಮ್ಮು. ಕೆಮ್ಮು ಶುರುವಾದರೆ ಹೊರಸಿನ ಮೇಲೆ ಎದ್ದು ಕೂತು, ಮೊಣಕಾಲು ಹಿಡಿದು, ಉಸಿರಿಗಾಗಿ ಒದ್ದಾಡುವರು. ಉಮರ್ಗಾದ ಡಾಕ್ಟರರು ನಮ್ಮವರನ್ನು ಬೇರೆ ಕರೆದು ಹೇಳಿದರು: ಥಂಡಿಯಲ್ಲಿ ಇನ್ನೊಂದು ಮಳೆಗಾಲ ಹೀಗೆ ಮಲಗಿದರೆ ಈ ಎದೆ ತಾಳುವುದಿಲ್ಲ. ನಮ್ಮವರು ಅವ್ವನ ಕಾಲು ಹಿಡಿದುಕೊಂಡರು. ನಾನು ಬೈದೆ, ಪಾತ್ರೆ ಕುಕ್ಕಿದೆ, ಎರಡು ದಿನ ಮಾತು ಬಿಟ್ಟೆ. ನಾನು ಸಿಟ್ಟಿನವಳು. ಪ್ರೀತಿ ಬಂದಾಗ ನನಗೆ ಸಿಟ್ಟೇ ಮೊದಲು ಬರುವುದು. ಅತ್ತೆ ಯಾವುದಕ್ಕೂ ಜಗ್ಗಲಿಲ್ಲ.

"ಸತ್ರ ಹೊರಗ ಸಾಯ್ತೀನಿ. ಆಕಿ ಸತ್ತಂಗ ಸಾಯಲ್ಲ."

ಆಕಿ ಎಂದರೆ ಆ ಮಗಳು.

ಅವತ್ತು ಬಸ್ಸಿನಲ್ಲಿ ಅಳುತ್ತ ಕೂತಿದ್ದಾಗ ಗೋಡೆ ಹಾಗೆ ಯಾಕೆ ಕಟ್ಟಲ್ಲ ಎಂಬ ಅವರ ಆ ಹಳೆಯ ಪ್ರಶ್ನೆ ನೆನಪಾಯಿತು. ಊರಿನ ಹುಡುಗಿಯರಿಗೆ ಕಂಪ್ಯೂಟರ್ ಕಲಿಸಲು ಅಂಗಳದಲ್ಲಿ ಒಂದು ಕೋಣೆ ಬೇಕೆಂದು ನಾನು ಮೊದಲಿನಿಂದಲೂ ನಮ್ಮವರ ತಲೆ ತಿನ್ನುತ್ತಿದ್ದೆ. ಅದನ್ನೇ ಕಟ್ಟೋಣ, ಅತ್ತೆಯ ಕಣ್ಣೆದುರಿಗೆ ಕಟ್ಟೋಣ, ಪಾಯದಿಂದ ಹಿಡಿದು ಒಂದೊಂದನ್ನೂ ಅವರು ನೋಡಲಿ. ನಮ್ಮವರು ತಕ್ಷಣ ಒಪ್ಪಿದರು. ಅತ್ತೆಗೆ ಮಾತ್ರ ಇದು ಕಂಪ್ಯೂಟರಿಗೆ ಎಂದಷ್ಟೇ ಹೇಳಿದೆವು.

"ಕಟ್ರಿ. ಅದಕ್ಕ ಎಲ್ಲಿ ಜೀವ ಅದ," ಎಂದರು.

ಶಿರೂರ ಅನಂತಪಾಳ ಕಡೆಯ ಗೌಂಡಿ ಬಂದ. ಭೂಕಂಪದ ನಂತರ ಊರೂರು ಮತ್ತೆ ಕಟ್ಟುವಾಗ ಗೋಡೆ ಕಟ್ಟುವುದು ಕಲಿತವನು. ಪಾಯ ತೆಗೆದ ದಿನವೇ ಅತ್ತೆ ಹೊರಸು ಎಳೆಸಿಕೊಂಡು ಎದುರಿಗೆ ಕೂತರು. ಕಬ್ಬಿಣದ ಸಳಿ ಕಟ್ಟುವಾಗ ಎದ್ದು ಹೋಗಿ ಅಲುಗಿಸಿ ನೋಡಿದರು. ಪ್ರತಿ ಸಾಲು ಇಟ್ಟಿಗೆಗೆ ಗೌಂಡಿಯ ಕೈ ಹಿಡಿದು ನಿಲ್ಲಿಸಿದರು. ಅವನು ಕಲಸಿದ ಸಿಮೆಂಟು ತೋರಿಸಿ ಗೋಗರೆಯುವನು.

"ಮಾವಶೀ, ಹೇ ವಾಳತಯ."

"ಒಣಗಲಿ. ಮೊದಲ ನಾ ನೋಡ್ತೀನಿ."

ಒಂದು ದಿನ ದೊಡ್ಡ ಗಲಾಟೆ. ಹಿಂದಿನ ದಿನ ಕಟ್ಟಿದ ಗೋಡೆಗೆ ಕೂಲಿಯಾಳು ಕೊಡ ಕೊಡ ನೀರು ಸುರಿಯುತ್ತಿದ್ದಾನೆ, ಅತ್ತೆ ಅವನ ಕೊಡ ಕಸಿದುಕೊಂಡು ನಿಂತಿದ್ದಾರೆ.

"ಗ್ವಾಡಿಗೆ ಯಾರರೇ ನೀರ್ ಹಾಕ್ತಾರೇನು? ಕರಗಿ ಬೀಳಲಿ ಅಂತ ಮಾಡ್ಯಾನ ಇಂವಾ!"

ಮಣ್ಣಿನ ಗೋಡೆಯ ಜೊತೆ ಬಾಳಿದವರು. ಗೋಡೆಗೆ ನೀರು ತಾಗದಂತೆ ಮಳೆಗಾಲವಿಡೀ ಒದ್ದಾಡಿದ ಕೈ ಅದು. ಸಿಮೆಂಟು ಹಾಗಲ್ಲ, ನೀರು ಕುಡಿದಷ್ಟೂ ಗಟ್ಟಿಯಾಗುತ್ತದೆ ಎಂದು ಗೌಂಡಿ ತಿಳಿಸಿ ಹೇಳಿದ. ನಂಬಲಿಲ್ಲ. ಎರಡು ದಿನ ಬಿಟ್ಟು ಅವನು ನೀರುಂಡ ಗೋಡೆಗೆ ಸುತ್ತಿಗೆಯಿಂದ ಬಡಿದು, ಒಂದು ಚೂರೂ ಉದುರದ್ದನ್ನು ತೋರಿಸಿದ ಮೇಲೆ ಅತ್ತೆಗೆ ನಗು ಬಂತು. ಅವರು ಹಾಗೆ ನಕ್ಕದ್ದು ನಾನು ಅಷ್ಟು ವರ್ಷದಲ್ಲಿ ಕಂಡಿರಲಿಲ್ಲ. ಅವತ್ತಿನಿಂದ ಮುಂಜಾನೆ ಸಂಜೆ "ಗ್ವಾಡಿಗೆ ನೀರ್ ಕುಡಸಿ ಬರ್ತೀನಿ" ಎಂದು ತಾವೇ ಚೆಂಬು ಹಿಡಿದು ಹೋಗತೊಡಗಿದರು. ಬಾಗಿಲಿನ ಮೇಲಿನ ಮಟ್ಟಕ್ಕೆ ನಾಲ್ಕೂ ಗೋಡೆಯನ್ನು ಸುತ್ತಿ ಒಂದು ಕಾಂಕ್ರೀಟಿನ ಪಟ್ಟಿ ಹಾಕುತ್ತಾರೆ, ನೆಲ ಅಲುಗಿದರೂ ಗೋಡೆಗಳು ಬೇರೆಬೇರೆಯಾಗಿ ಬೀಳದಿರಲೆಂದು. ಅದರ ಸಳಿಗಳನ್ನು ಮುಚ್ಚುವ ಮೊದಲು ಅತ್ತೆ ಏಣಿ ಹತ್ತಿ ನಾಲ್ಕು ಮೂಲೆಯನ್ನೂ ನೋಡಿ ಇಳಿದರು.

ಗಿಲಾವಿನ ದಿನ ಬಾಗಿಲ ಪಕ್ಕದ ಒಳಗೋಡೆಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

"ಇಲ್ಲಿ ಹಚ್ಚಬ್ಯಾಡ. ಒಂದ್ ಗೇಣು ಬಿಡು. ಕೆಳಗಿಂದ ಪಟ್ಟಿ ತನಕ."

ಗೌಂಡಿಗೆ ಅವಮಾನವಾಯಿತು. "ಅರ್ಧಾ ಬಿಟ್ಟು ಹ್ವಾದಾ ಅಂತ ಮಂದಿ ನನಗ ನಗ್ತಾರ ಮಾವಶೀ."

"ಕೆಲಸ ಚೊಲೊ ಮಾಡಾಂವಾ ತೋರಸಲಿಕ್ಕ ಯಾಕ ಅಂಜ್ತಿ?"

ಅವನು ಆ ಗೇಣು ಬಿಟ್ಟು ಉಳಿದದ್ದಕ್ಕೆ ಗಿಲಾವು ಹಚ್ಚಿದ. ಆಮೇಲೆ ಆ ಗೇಣಿನ ಎರಡೂ ಅಂಚನ್ನು ಓಳಂಬದ ತೂಗುಗುಂಡು ಹಿಡಿದು, ಸೀರೆಯ ದಡಿಯಂತೆ ಎಷ್ಟು ಚಂದ ತಿದ್ದಿದನೆಂದರೆ, ಈಗ ಬಂದವರು ಮೊದಲು ನೋಡುವುದು ಅದನ್ನೇ. ಇಟ್ಟಿಗೆಯ ಸಾಲು, ನಡುವಿನ ಸಿಮೆಂಟು, ಮೇಲೆ ಪಟ್ಟಿಯ ಒಂದು ತುಂಡು.

ಪಕ್ಕದ ಮನೆಯಾಕೆ ತಮ್ಮ ಮಗನ ಕೋಣೆಯನ್ನೂ ಹೀಗೆಯೇ ಕಟ್ಟಿಸಬೇಕೆಂದು ನೋಡಲು ಬಂದರು. ಅತ್ತೆ ಸಳಿಯ ದಪ್ಪದಿಂದ ಹಿಡಿದು ನೀರು ಕುಡಿಸುವ ಹೊತ್ತಿನವರೆಗೆ ಎಲ್ಲವನ್ನೂ ಹೇಳಿಕೊಟ್ಟರು. ಅವರು ಹೊರಟಾಗ ಕೂಗಿ ನಿಲ್ಲಿಸಿದರು.

"ಯಕ್ಕಾ, ನಮ್ಮಂಗ ಕಟ್ಟಸ್ರಿ, ಬ್ಯಾಡ ಅನ್ನಲ್ಲ. ಖರೆ ನೀವೂ ಒಂದ್ ಗೇಣು ತೆರದ ಬಿಡಬೇಕು. ನಿಮ್ಮ ಮನಿಗೆ ನೋಡಲಿಕ್ಕ ಬಂದಾವ್ರಿಗಿ ಇದ ಮಾತ ಹೇಳಬೇಕು."

ನನ್ನ ಕೈಯ ಚಹಾದ ಬಸಿ ಅಲ್ಲೇ ನಿಂತಿತು. ಪ್ರಿಂಟರಿನ ಸಿಟ್ಟಿನ ಮನುಷ್ಯ ಪುಟಗಟ್ಟಲೆ ಕಾನೂನಿನ ಇಂಗ್ಲಿಷಿನಲ್ಲಿ ಬರೆದ ಷರತ್ತು ಇದೇ. ಅವನೂ ಹೀಗೇ ಅಂದಿದ್ದಾನೆಂದು ಅತ್ತೆಗೆ ಹೇಳಿದೆ.

"ಹಂಗೇನು? ಅವನ ಮನಿ ಯಾವಾಗ ಬಿದ್ದಿತ್ತು ಪಾಪ?" ಎಂದರು.

ಕೋಣೆ ಮುಗಿಯಿತು. ಉಮರ್ಗಾದಲ್ಲಿ ಮುಂಜಾನೆಯ ಕ್ಲಾಸನ್ನಷ್ಟೇ ಇಟ್ಟುಕೊಂಡು, ಅಲ್ಲಿಂದ ಇನ್ನೂ ಮೂರು ಹಳೆಯ ಯಂತ್ರ ತಂದೆ. ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹುಡುಗಿಯರು ಬರತೊಡಗಿದರು. ನಿಲಂಗಾದಿಂದ ನಮ್ಮವರ ಇನ್ನೊಬ್ಬ ತಂಗಿ ಬಂದು, ತನ್ನ ಊರಿಗೂ ಇಂಥದೊಂದು ಕ್ಲಾಸು ಬೇಕೆಂದು ಸಿಡಿ ಒಯ್ದಳು. ಎಲ್ಲ ಆಯಿತು. ಆಗಬೇಕಾದದ್ದು ಮಾತ್ರ ಆಗಲಿಲ್ಲ. ಅತ್ತೆ ದಿನಾ ಕೋಣೆಗೆ ಬರುವರು, ಆ ಗೇಣಿನ ಮೇಲೆ ಕೈಯಾಡಿಸುವರು, ಗೋಡೆಗೆ ಒರಗಿ ಹುಡುಗಿಯರ ಬೆರಳು ನೋಡುತ್ತ ಕೂರುವರು. ನಿದ್ದೆ ಬಂದರೆ ಎದ್ದು ಪತ್ರಾದ ಕೆಳಗೆ ಹೋಗುವರು. ಕೂತಿರುವಷ್ಟು ಹೊತ್ತೂ ಬಾಗಿಲು ತೆರೆದೇ ಇರಬೇಕು. ಅದಕ್ಕೊಂದು ಕಲ್ಲು ಇಟ್ಟಿದ್ದರು, ಹಳೆಯ ಮನೆಯ ಅವಶೇಷದಿಂದ ಆರಿಸಿ ತಂದ ಬೀಸುಕಲ್ಲಿನ ಅರ್ಧ ಹೋಳು. ಅದನ್ನು ಯಾರೂ ಸರಿಸುವಂತಿರಲಿಲ್ಲ. ನಮ್ಮವರು ಇನ್ನು ಕೇಳಬೇಡ ಎಂದರು. ನಾನು ಕೇಳಲಿಲ್ಲ. ಮುಂದಿನ ಮಳೆಗಾಲ ಹತ್ತಿರ ಬರುತ್ತಿತ್ತು.

ಮಿರುಗದ ಮಳೆಗೆ, ಮೃಗಶಿರದ ಮೊದಲ ಮಳೆಗೆ, ಮುಂಚಿನ ಒಂದು ಮಧ್ಯಾಹ್ನ. ಹೊರಗೆ ಗಾಳಿ ಎದ್ದು ಹೊಲದ ಕರಿ ಮಣ್ಣೆಲ್ಲ ಅಂಗಳಕ್ಕೆ ಬರುತ್ತಿತ್ತು. ನಾನು ಹುಡುಗಿಯರಿಗೆ ಕಾಳು, ಸಿಪ್ಪೆ ಎಂದು ಅದೇ ಶೇಂಗಾದ ಪಾಠ ಹೇಳಿ ಬರೆಸುತ್ತಿದ್ದೆ, ಅವರು ಟಕಟಕ ಕೀಲಿಮಣೆ ಬಡಿಯುತ್ತಿದ್ದರು. ಅತ್ತೆ ಎದ್ದು ನಿಂತರು. ಪತ್ರಾಕ್ಕೆ ಹೋಗುತ್ತಾರೆಂದುಕೊಂಡೆ. ಅವರು ಮೂಲೆಯ ಚಾಪೆ ಬಿಡಿಸಿ, ಆ ಗೇಣಿನ ಬುಡಕ್ಕೆ ಹಾಸಿ, ಸೆರಗು ಮಡಚಿ ತಲೆಗಿಟ್ಟುಕೊಂಡು ಅಡ್ಡಾದರು.

"ತಂಗೀ, ಆ ಕಲ್ಲ ಸರಿಸಿ ಬಾಗಲಾ ಮುಂದ ಮಾಡು. ಧೂಳಾ ಬರ್ಲತ್ತದ."

ಕಲ್ಲು ಎತ್ತಿ ಬದಿಗಿಟ್ಟೆ. ಬಾಗಿಲು ಮುಂದೆ ಮಾಡಿ, ಚಿಲಕ ಹಾಕದೆ, ಅಲ್ಲೇ ನಿಂತೆ. ಅತ್ತೆ ಗೋಡೆಯ ಕಡೆ ಹೊರಳಿ, ಬರೀ ಇಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ್ದರು. ಹುಡುಗಿಯರೆಲ್ಲ ಕೀಲಿಮಣೆಯಿಂದ ಕೈ ತೆಗೆದು ನನ್ನನ್ನೇ ನೋಡುತ್ತಿದ್ದರು. ನಾನು ಅಳುತ್ತಿದ್ದೆ.

ಅತ್ತೆ ಕಣ್ಣು ತೆರೆಯಲಿಲ್ಲ.

"ಯಾಕ ನಿಂದ್ರಿಸಿದ್ರಿ? ಬಡೀರಿ, ಬಡೀರಿ. ನನಗ ನಿದ್ದಿ ಬರ್ತದ."